ವೈಯಾಕರಣ ನೆಬ್ರಿಹಾ

ಯುದ್ಧ ಗೆದ್ದವರಿಗೂ ಕಾವ್ಯ ಬರೆದವರಿಗೂ ಸಲ್ಲುವ ಆದರವು ವೈಯಾಕರಣರಿಗೆ ಸಲ್ಲುವುದಿಲ್ಲ. ಆದರೂ ಸ್ಪೇನ್ ದೇಶದ ಆಂತೋನ್ಯೊ ದೆ ನೆಬ್ರಿಹಾನ ಚರಿತ್ರೆಯನ್ನು ಸಹಪಾಠಿಗಳ ಮುಂದಿಡಬೇಕೆಂದು ನನಗೆ ಬಹುದಿನದ ಆಸೆ.

ಸೆವಿಲ್ ನಗರದ ಬಳಿಯ ಲೆಬ್ರಿಹಾ ಎಂಬ ಊರಿನಲ್ಲಿ 1444ರ ಸುಮಾರಿಗೆ ಆತನ ಜನನ. ಸಲಮಾಂಕಾದಲ್ಲಿಯೂ ಇಟಲಿಯ ಬೊಲೋನ್ಯಾದಲ್ಲಿಯೂ ಓದಿ ಬಂದು, ಸಲಮಾಂಕಾ ವಿಶ್ವವಿದ್ಯಾನಿಲಯದಲ್ಲಿಯೇ ಅಧ್ಯಾಪಕನಾದನು. 1481ರಲ್ಲಿ ಪ್ರಕಟವಾದ ಆತನ ಲ್ಯಾಟಿನ್ ಪಾಠಪುಸ್ತಕವು ಬಹಳ ಪ್ರಸಿದ್ಧಿ ಪಡೆಯಿತು.

ಆ ಕಾಲದವರಿಗೆ ವ್ಯಾಕರಣವೆಂದರೆ ಲ್ಯಾಟಿನ್ ವ್ಯಾಕರಣ. ತಾಯಿಯ ಮಡಿಲಲ್ಲಿ ಕಲಿತು ಸಂತೆಯಲ್ಲಿ ಆಡುವ ಕ್ಯಾಸ್ಟಿಲಿಯನ್ ಮಾತಿಗೆ, ಅಂದರೆ ಈಗಿನ ಸ್ಪ್ಯಾನಿಷಿಗೆ, ಸೂತ್ರಗಳೇಕೆ? ನೆಬ್ರಿಹಾ ಅದಕ್ಕೇ ಕೈಹಾಕಿದನು. ಗ್ರಂಥದ ಮಾದರಿಯನ್ನು ತೋರಿಸಿದಾಗ ರಾಣಿ ಇಸಬೆಲ್ಲಳೂ ಇದರಿಂದೇನು ಪ್ರಯೋಜನವೆಂದು ಕೇಳಿದಳಂತೆ. ಆತನು ಬಾಯಿ ತೆರೆಯುವ ಮೊದಲೇ ಆವಿಲಾದ ಬಿಷಪ್ಪರು ಉತ್ತರ ಕೊಟ್ಟುಬಿಟ್ಟರು: ರಾಣಿಯವರು ಗೆದ್ದ ಜನರು ಗೆದ್ದವರ ಕಾನೂನಿನೊಡನೆ ಭಾಷೆಯನ್ನೂ ಕಲಿಯಬೇಕಾಗುವುದು, ಆಗ ಇದು ಬೇಕಾಗುವುದು ಎಂದು. ಮುನ್ನುಡಿಯಲ್ಲಿ ನೆಬ್ರಿಹಾನೇ ಇದನ್ನು ಬರೆದಿದ್ದಾನೆ. 1492ರ ಆಗಸ್ಟ್ 18ರಂದು ಗ್ರಂಥವು ಅಚ್ಚಾಯಿತು. ಹದಿನೈದು ದಿನಗಳ ಹಿಂದಷ್ಟೆ ಕೊಲಂಬಸನ ಹಡಗುಗಳು ಹೊರಟಿದ್ದವು.

ಬಿಷಪ್ಪರ ಉತ್ತರ ನನಗೆ ಸೇರದು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಭಾಷೆಯನ್ನು ಐಚ್ಛಿಕವಾಗಿ ತೆಗೆದುಕೊಂಡಾಗ ರಾಣಿಯ ಪ್ರಶ್ನೆಯನ್ನೇ ನಮ್ಮ ಜಗಲಿಯಲ್ಲಿ ಕುಳಿತವರೆಲ್ಲ ಕೇಳಿದರು. ನನಗೆ ಹಿಡಿಸುವ ಉತ್ತರವು ಆ ಗ್ರಂಥದ ಒಳಗಿದೆ.

ಅದರ ಐದನೆಯ ಭಾಗವು ಪರಭಾಷೆಯವರಿಗಾಗಿ ಬರೆದದ್ದು. ಕ್ರಿಯಾಪದಗಳನ್ನು ಆರ್, ಎರ್, ಇರ್ ಎಂಬ ಅಂತ್ಯಗಳಿಂದ ಆತನು ಮೂರು ಗಣ ಮಾಡಿದನು; ಇಂದಿನ ಪಾಠಪುಸ್ತಕಗಳಲ್ಲಿಯೂ ಅದೇ ವಿಂಗಡಣೆ. ನಡೆಯುತ್ತಿರುವುದನ್ನು ಹೇಳಲು ಒಂದು ರೂಪ. ಬಯಕೆ, ಸಂಶಯ, ಅಪ್ಪಣೆಗಳಿಗೆ ಅಧೀನವಾಗಿ ಬರುವಾಗ ಮತ್ತೊಂದು. ಕಾಂತಾರ್ ಎಂಬ ಧಾತುವನ್ನು ನೋಡೋಣ. (ಇದು ಕಾಡಲ್ಲ, ಹಾಡು!) ಅವನು ಹಾಡುತ್ತಾನೆ ಎನ್ನಲು ಕಾಂತಾ. ಅವನು ಹಾಡಲೆಂದು ಬಯಸುತ್ತೇನೆ ಎನ್ನುವಲ್ಲಿ ಕಾಂತೆ. ನಾನು, ನೀನು, ಅವನು, ನಾವು, ನೀವು, ಅವರು ಎಂಬ ಕ್ರಮದಲ್ಲಿ ಕಾಂತೆ, ಕಾಂತೆಸ್, ಕಾಂತೆ, ಕಾಂತೇಮೊಸ್, ಕಾಂತೇಯ್ಸ್, ಕಾಂತೆನ್. ಉಳಿದೆರಡು ಗಣಗಳಲ್ಲಿ ಇದು ತಿರುಗುಮುರುಗು: ತಿನ್ನುತ್ತಾನೆ ಎನ್ನಲು ಕೋಮೆ, ತಿನ್ನಲಿ ಎನ್ನಲು ಕೋಮಾ; ಬರೆಯುತ್ತಾನೆ ಎನ್ನಲು ಎಸ್ಕ್ರೀಬೆ, ಬರೆಯಲಿ ಎನ್ನಲು ಎಸ್ಕ್ರೀಬಾ. ನೆರೆಮನೆಗಳು ಪಾತ್ರೆ ಬದಲಾಯಿಸಿಕೊಂಡಂತೆ ಸ್ವರಗಳ ಅದಲುಬದಲು, ಅಷ್ಟೆ. ನಮ್ಮ ಹಾಡಲಿ ಎಂಬ ರೂಪ ಅವನಿಗೂ ಅವರಿಗೂ ಒಂದೇ; ಅಲ್ಲಿ ಪುರುಷ, ವಚನಗಳೂ ಅಂತ್ಯದಲ್ಲಿ ಕಾಣುತ್ತವೆ.

ನೆಬ್ರಿಹಾನ ಮುಂದಿನ ದಿನಗಳು ಸುಗಮವಾಗಿರಲಿಲ್ಲ. ಬೈಬಲಿನ ಪಾಠವನ್ನು ವೈಯಾಕರಣನ ಕಣ್ಣಿನಿಂದ ಪರಿಶೀಲಿಸಿದನೆಂದು ಮಹಾ ವಿಚಾರಣಾಧಿಕಾರಿಯು ಆತನ ಬರಹಗಳನ್ನು ಕಿತ್ತುಕೊಂಡನು. 1513ರಲ್ಲಿ ಸಲಮಾಂಕಾದ ಪೀಠವೂ ಕೈತಪ್ಪಿತು. ಕಾರ್ಡಿನಲ್ ಸಿಸ್ನೆರೋಸ್ ಅಲ್ಕಲಾದಲ್ಲಿ ಆಶ್ರಯವಿತ್ತನು. 1522ರಲ್ಲಿ ಅಲ್ಲಿಯೇ ನಿಧನ. ಕ್ಯಾಸ್ಟಿಲಿಯನ್ ವ್ಯಾಕರಣವು ಹದಿನೆಂಟನೆಯ ಶತಮಾನದವರೆಗೆ ಮರುಮುದ್ರಣವನ್ನೇ ಕಾಣಲಿಲ್ಲ.

ಲ್ಯಾಟಿನ್ ಪುಸ್ತಕವಾದರೋ ಪಾದ್ರಿಗಳೊಡನೆ ಸಮುದ್ರ ದಾಟಿತು. ಅದರ ಮಾದರಿಯನ್ನು ಮುಂದಿಟ್ಟುಕೊಂಡು ಆಂದ್ರೆಸ್ ದೆ ಓಲ್ಮೋಸ್ ಎಂಬ ಪಾದ್ರಿಯು 1547ರಲ್ಲಿ ಮೆಕ್ಸಿಕೊದ ನಹುವಾತ್ಲ್ ಭಾಷೆಗೆ ವ್ಯಾಕರಣವನ್ನು ಬರೆದನು. ಉದ್ದೇಶ ಮತಪ್ರಚಾರವೇ, ಆದರೆ ಸೋತವರ ಮಾತಿನ ಕ್ರಿಯಾಪದಗಳನ್ನು ಗೆದ್ದವರ ಕಡೆಯವನೇ ಕುಳಿತು ಕಲಿತನು.