ಹಿಮದ ಹರಳುಗಳ ಚಿತ್ರಗಾರ

ಅಮೆರಿಕ ಸಂಯುಕ್ತ ಸಂಸ್ಥಾನದ ಈಶಾನ್ಯ ಮೂಲೆಯಲ್ಲಿ ವರ್ಮಾಂಟ್ ಎಂಬ ಚಿಕ್ಕ ರಾಜ್ಯವಿದೆ. ಬೆಟ್ಟಗುಡ್ಡಗಳ ಆ ನಾಡಿನಲ್ಲಿ ಚಳಿಗಾಲವು ಬಹು ದೀರ್ಘವಾದುದು. ತಿಂಗಳುಗಟ್ಟಲೆ ಹೊಲಗಳೂ ಹುಲ್ಲುಗಾವಲುಗಳೂ ಮನೆಯ ಮಾಡುಗಳೂ ಹಿಮದಡಿಯಲ್ಲಿ ಹುದುಗಿರುತ್ತವೆ. ಅಲ್ಲಿಯ ರೈತರಿಗೆ ಹಿಮವೆಂದರೆ ದಾರಿಯನ್ನು ಕಟ್ಟುವ, ದನಕರುಗಳನ್ನು ಕೊಟ್ಟಿಗೆಯಲ್ಲಿ ಕೂಡಿಹಾಕುವ ಒಂದು ತೊಡಕು. ಅಂತಹ ರೈತರ ನಡುವೆಯೇ ಹುಟ್ಟಿ, ರೈತನಾಗಿಯೇ ಬಾಳಿ, ಅದೇ ಹಿಮದಲ್ಲಿ ಅಡಗಿದ್ದ ಸೊಬಗನ್ನು ಜಗತ್ತಿಗೆ ತೋರಿಸಿಕೊಟ್ಟವನು ವಿಲ್ಸನ್ ಬೆಂಟ್ಲಿ.

ಬೆಂಟ್ಲಿಯು 1865ನೆಯ ಇಸವಿ ಫೆಬ್ರವರಿ 9ರಂದು ಜೆರಿಕೋ ಎಂಬ ಊರಿನಲ್ಲಿ ಜನಿಸಿದನು. ತಂದೆ ಬೇಸಾಯಗಾರ. ತಾಯಿಯು ಹಿಂದೆ ಶಾಲೆಯಲ್ಲಿ ಉಪಾಧ್ಯಾಯಿನಿಯಾಗಿದ್ದವಳು. ಹದಿನಾಲ್ಕನೆಯ ವಯಸ್ಸಿನವರೆಗೆ ಮನೆಯೇ ಬಾಲಕನ ಪಾಠಶಾಲೆ, ತಾಯಿಯೇ ಗುರು. ಮಗನಿಗೆ ಹದಿನೈದು ವರ್ಷವಾದಾಗ ಆಕೆ ತನ್ನಲ್ಲಿದ್ದ ಹಳೆಯ ಸೂಕ್ಷ್ಮದರ್ಶಕವೊಂದನ್ನು ಅವನಿಗೆ ಕೊಟ್ಟಳು. ಹುಡುಗನು ಹೂವಿನ ಎಸಳು, ಹಕ್ಕಿಯ ಗರಿ, ನೀರಿನ ಹನಿಗಳನ್ನೆಲ್ಲ ಅದರಲ್ಲಿಟ್ಟು ನೋಡಿದನು. ಒಂದು ದಿನ ಹಿಮದ ತುಣುಕನ್ನು ಇಟ್ಟು ನೋಡಿದಾಗ ಅವನ ಬೆರಗಿಗೆ ಪಾರವಿಲ್ಲದಾಯಿತು. ಆರು ಮೂಲೆಗಳ ಸುಂದರವಾದ ಹರಳೊಂದು ಅಲ್ಲಿ ಹೊಳೆಯುತ್ತಿತ್ತು.

ಹಿಮವೆಂದರೆ ಆಲಿಕಲ್ಲಲ್ಲ. ಮೋಡದಲ್ಲಿನ ನೀರಾವಿಯು ಕಡುಚಳಿಯಲ್ಲಿ ನೀರಾಗದೆ ನೇರವಾಗಿ ಹರಳುಗಟ್ಟಿದಾಗ ಹಿಮವು ಹುಟ್ಟುತ್ತದೆ. ಹರಳುಗಟ್ಟುವಾಗ ನೀರಿನ ಅಣುಗಳು ಷಟ್ಕೋನಾಕಾರದಲ್ಲಿ ಜೋಡಣೆಗೊಳ್ಳುವುದರಿಂದ ಹರಳಿಗೆ ಆರು ಭುಜಗಳು ಮೂಡುತ್ತವೆ. ಕೆಳಗಿಳಿಯುವ ದಾರಿಯಲ್ಲಿ ಸಿಕ್ಕುವ ಶೀತ ಮತ್ತು ತೇವಗಳಿಗೆ ಅನುಗುಣವಾಗಿ ಪ್ರತಿಯೊಂದು ಹರಳೂ ಬೇರೆ ಬೇರೆ ಕುಸುರಿಯನ್ನು ತಳೆಯುತ್ತದೆ. ಆದರೆ ಆ ಚೆಲುವು ಕ್ಷಣಿಕ. ಉಸಿರು ತಾಕಿದರೆ ಸಾಕು, ಹರಳು ಕರಗಿಹೋಗುತ್ತದೆ.

ಬೆಂಟ್ಲಿಯು ಮೊದಲು ಆ ಹರಳುಗಳನ್ನು ಕೈಯಿಂದ ಚಿತ್ರಿಸಲು ಯತ್ನಿಸಿದನು. ಚಿತ್ರವು ಪೂರ್ತಿಯಾಗುವ ಮೊದಲೇ ಹರಳು ಮಾಯವಾಗುತ್ತಿತ್ತು. ಹಾಗೆ ಅಳಿದುಹೋಗುವ ಸೌಂದರ್ಯವನ್ನು ಉಳಿಸಿಕೊಳ್ಳುವ ಉಪಾಯವೇನು? ಸೂಕ್ಷ್ಮದರ್ಶಕಕ್ಕೆ ಕ್ಯಾಮರಾವನ್ನು ಜೋಡಿಸಬಹುದೆಂಬುದು ಅವನಿಗೆ ತಿಳಿಯಿತು. ಅದಕ್ಕೆ ತಗಲುವ ವೆಚ್ಚ ಸುಮಾರು ನೂರು ಡಾಲರು. ಬೇಸಾಯದ ಕುಟುಂಬಕ್ಕೆ ಅದು ದೊಡ್ಡ ಮೊತ್ತ. ಹಿಮದ ಚಿತ್ರ ತೆಗೆಯುವುದು ತಂದೆಗೆ ಬರಿಯ ಹುಚ್ಚಾಟವಾಗಿ ಕಂಡಿತು. ಆದರೂ ತಾಯಿಯ ಒತ್ತಾಸೆಯಿಂದ ಆತನು ಮನಸ್ಸಿಲ್ಲದ ಮನಸ್ಸಿನಿಂದ ಹಣವನ್ನು ಕೊಟ್ಟನು.

ಛಾಯಾಗ್ರಹಣವನ್ನು ಬೆಂಟ್ಲಿಗೆ ಕಲಿಸಿಕೊಡುವವರು ಯಾರೂ ಇರಲಿಲ್ಲ. ಸೋಲಿನ ಮೇಲೆ ಸೋಲು ಬಂದಿತು. ಕೊನೆಗೆ 1885ರ ಜನವರಿ 15ರಂದು ಹಿಮದ ಒಂಟಿ ಹರಳಿನ ಸ್ಪಷ್ಟವಾದ ಚಿತ್ರವು ಗಾಜಿನ ಫಲಕದ ಮೇಲೆ ಮೂಡಿತು. ಆಗ ಅವನಿಗೆ ಇನ್ನೂ ಇಪ್ಪತ್ತು ತುಂಬಿರಲಿಲ್ಲ.

ಅವನ ಕಾರ್ಯವಿಧಾನವು ಸರಳ, ಆದರೆ ಕಠಿಣ. ಹಿಮ ಬೀಳುವಾಗ ಕಪ್ಪು ಹಲಗೆಯನ್ನು ಹೊರಗೆ ಒಡ್ಡಿ ಹಿಡಿಯುವನು. ಬಿದ್ದ ಹರಳುಗಳಲ್ಲಿ ಒಂದನ್ನು ಆರಿಸಿ, ತೆಳುವಾದ ಕಡ್ಡಿಯಿಂದ ಎತ್ತಿ, ಗಾಜಿನ ಮೇಲಿಟ್ಟು, ಹಕ್ಕಿಯ ಗರಿಯಿಂದ ಮೆಲ್ಲನೆ ಒತ್ತುವನು. ಈ ಕೆಲಸವೆಲ್ಲವೂ ಬೆಂಕಿಯಿಲ್ಲದ ಕೋಣೆಯಲ್ಲಿ, ಉಸಿರು ಬಿಗಿಹಿಡಿದು ನಡೆಯಬೇಕಾಗಿತ್ತು. ಕೊರೆಯುವ ಚಳಿಯೇ ಅವನ ಕೆಲಸಕ್ಕೆ ಆಸರೆಯಾಗಿತ್ತು.

ಚಳಿಗಾಲ ಕಳೆದರೂ ಅವನ ಕಣ್ಣಿಗೆ ಬಿಡುವಿರಲಿಲ್ಲ. ಜೇಡರ ಬಲೆಯ ಮೇಲಿನ ಇಬ್ಬನಿ, ಹನಿಗಳಲ್ಲಿ ತೊಯ್ದು ಕುಳಿತ ಮಿಡತೆ, ಕಿಟಕಿಯ ಗಾಜಿನ ಮೇಲೆ ಮಂಜು ಬರೆದ ಬಳ್ಳಿಗಳು, ಇವೆಲ್ಲವೂ ಅವನ ಕ್ಯಾಮರಾಕ್ಕೆ ವಸ್ತುಗಳಾದವು. ಮಳೆಗಾಲದಲ್ಲಿ ಹಿಟ್ಟು ತುಂಬಿದ ತಟ್ಟೆಯನ್ನು ಮಳೆಗೆ ಒಡ್ಡಿ, ಹನಿ ಬಿದ್ದಲ್ಲಿ ಆಗುವ ಉಂಡೆಗಳನ್ನು ಅಳೆದು, ಮಳೆಹನಿಗಳ ಗಾತ್ರವನ್ನು ಲೆಕ್ಕಹಾಕಿದನು. ಇದರ ಫಲಿತಾಂಶವನ್ನು 1904ರಲ್ಲಿ ಪ್ರಕಟಿಸಿದನು. ಇಷ್ಟೆಲ್ಲವನ್ನೂ ಅವನು ಮಾಡಿದುದು ಹಾಲು ಕರೆದು, ಹೊಲ ಗೇಯ್ದು ಉಳಿದ ವೇಳೆಯಲ್ಲಿ.

ಊರಿನವರು ಅವನನ್ನು ವಿಚಿತ್ರ ಮನುಷ್ಯನೆಂದು ಎಣಿಸಿದರು. ಪಂಡಿತರಿಂದಲೂ ಆಕ್ಷೇಪವು ಬಾರದೆ ಇರಲಿಲ್ಲ. ಹಿಮದ ಬಿಳುಪು ಎದ್ದು ಕಾಣಲೆಂದು ಬೆಂಟ್ಲಿಯು ಪ್ರತಿಫಲಕದಲ್ಲಿ ಹರಳಿನ ಸುತ್ತಲಿನ ಲೇಪನವನ್ನು ಚಾಕುವಿನಿಂದ ಕೆರೆದು ತೆಗೆಯುತ್ತಿದ್ದನು. ಇದರಿಂದ ಹರಳಿನ ಅಂಚು ಬದಲಾಗಬಹುದೆಂದೂ, ಅವನು ಅಂದವಾದ ಹರಳುಗಳನ್ನಷ್ಟೇ ಆರಿಸುತ್ತಾನೆಂದೂ ಜರ್ಮನಿಯ ವಿದ್ವಾಂಸರು ಟೀಕಿಸಿದರು. ಆ ಮಾತಿನಲ್ಲಿ ಹುರುಳಿಲ್ಲದಿರಲಿಲ್ಲ. ಆಕಾಶದಿಂದ ಬೀಳುವ ಹರಳುಗಳಲ್ಲಿ ಮುರಿದವು, ಸೊಟ್ಟಾದವುಗಳೇ ಹೆಚ್ಚು. ಆದರೆ ಬೆಂಟ್ಲಿಯು ಮೂಲ ಫಲಕಗಳನ್ನು ಕೆಡಿಸದೆ ಜೋಪಾನ ಮಾಡಿದ್ದನು. ಸತ್ಯದಲ್ಲಿಯೂ ಸೌಂದರ್ಯದಲ್ಲಿಯೂ ಅವನಿಗೆ ಸಮನಾದ ಒಲವಿತ್ತು.

ಮನ್ನಣೆಯು ಬಂದಿತು, ಆದರೆ ನಿಧಾನವಾಗಿ. ವರ್ಮಾಂಟ್ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕ ಜಾರ್ಜ್ ಪರ್ಕಿನ್ಸನ ನೆರವಿನಿಂದ 1898ರಲ್ಲಿ ಅವನ ಮೊದಲ ಲೇಖನವು ಅಚ್ಚಾಯಿತು. ಶಾಲಾಕಾಲೇಜುಗಳಿಗೆ ಅವನು ಕೆಲವೇ ಸೆಂಟುಗಳಿಗೆ ಚಿತ್ರಗಳನ್ನು ಮಾರಿದನು. ಗಳಿಸಿದುದಕ್ಕಿಂತ ಈ ಕೆಲಸಕ್ಕಾಗಿ ಕಳೆದುಕೊಂಡುದೇ ಹೆಚ್ಚು. 1924ರಲ್ಲಿ ಅಮೆರಿಕದ ಹವಾಮಾನಶಾಸ್ತ್ರ ಸಂಘವು ಅವನಿಗೆ ಸಂಶೋಧನಾ ಧನವೆಂದು ಇಪ್ಪತ್ತೈದು ಡಾಲರುಗಳನ್ನು ಕೊಟ್ಟಿತು.

ನಲವತ್ತಾರು ಚಳಿಗಾಲಗಳಲ್ಲಿ ಬೆಂಟ್ಲಿಯು ತೆಗೆದ ಹರಳುಗಳ ಚಿತ್ರಗಳು ಐದು ಸಾವಿರಕ್ಕೂ ಮಿಕ್ಕಿದ್ದುವು. ಅವುಗಳಲ್ಲಿ ಒಂದರಂತೆ ಇನ್ನೊಂದು ಅವನಿಗೆ ಕಾಣಸಿಗಲಿಲ್ಲ. ಎರಡು ಸಾವಿರದ ನಾನ್ನೂರಕ್ಕೂ ಹೆಚ್ಚು ಚಿತ್ರಗಳನ್ನು ಒಳಗೊಂಡ ಅವನ ದೊಡ್ಡ ಗ್ರಂಥವು ಹವಾಮಾನ ವಿಜ್ಞಾನಿ ಹಂಫ್ರೀಸನ ಸಹಯೋಗದಲ್ಲಿ 1931ರಲ್ಲಿ ಹೊರಬಂದಿತು. ಆ ವರ್ಷದ ಡಿಸೆಂಬರಿನಲ್ಲಿಯೇ ಹಿಮದ ಬಿರುಗಾಳಿಯಲ್ಲಿ ನಡೆದು ಮನೆಗೆ ಬಂದ ಬೆಂಟ್ಲಿಯು ನ್ಯುಮೋನಿಯಾದಿಂದ ಹಾಸಿಗೆ ಹಿಡಿದನು. ಡಿಸೆಂಬರ್ 23ರಂದು, ತಾನು ಹುಟ್ಟಿ ಬೆಳೆದ ಮನೆಯಲ್ಲಿಯೇ ತೀರಿಕೊಂಡನು.

ಬೆಂಟ್ಲಿಯು ಅಪೂರ್ವವಾದುದನ್ನು ಅರಸಿಕೊಂಡು ದೂರದ ದೇಶಗಳಿಗೆ ಹೋದವನಲ್ಲ. ಅವನು ಬಾಳಿದುದು ಒಂದೇ ಊರಿನಲ್ಲಿ; ಅವನ ವಸ್ತುಗಳು ಎಲ್ಲರ ಅಂಗಳದಲ್ಲಿಯೂ ಬಿದ್ದು ಕರಗುವಂತಹವು. ಊರಿನವರು ಗುದ್ದಲಿಯಿಂದ ಬಾಚಿ ಎಸೆಯುತ್ತಿದ್ದ ಹಿಮವನ್ನು ಅವನು ತಾಳ್ಮೆಯಿಂದ ದಿಟ್ಟಿಸಿ ನೋಡಿದನು. ಅಂದು ಕರಗಿಹೋದ ಹರಳುಗಳು ಇಂದಿಗೂ ಅವನ ಚಿತ್ರಗಳಲ್ಲಿ ಉಳಿದಿವೆ.