ವಿಷಶಾಸ್ತ್ರಜ್ಞ ಆರ್ಫಿಲಾ

ವಿಷವಿಕ್ಕಿ ಕೊಂದವರನ್ನು ಕಂಡುಹಿಡಿಯುವುದು ಒಂದು ಕಾಲದಲ್ಲಿ ಬಹು ದುಸ್ತರವಾಗಿತ್ತು. ಬಿಳಿಯ ಪಾಷಾಣಕ್ಕೆ ವಾಸನೆಯಿಲ್ಲ. ಅದನ್ನುಂಡು ಸತ್ತವನು ಕಾಲರಾದಿಂದ ಸತ್ತಂತೆಯೇ ತೋರುತ್ತಿದ್ದನು. ಈ ಕತ್ತಲೆಯಲ್ಲಿ ದೀಪ ಹಿಡಿದ ಮಹನೀಯನೇ ಮ್ಯಾಥ್ಯೂ ಆರ್ಫಿಲಾ.

1787ರಲ್ಲಿ ಮಿನೋರ್ಕಾ ದ್ವೀಪದ ವರ್ತಕನೊಬ್ಬನ ಮಗನಾಗಿ ಹುಟ್ಟಿದ ಇವನು ಪ್ಯಾರಿಸ್ಸಿನಲ್ಲಿ ವೈದ್ಯನಾದನು. ಶುದ್ಧ ನೀರಿನಲ್ಲಿ ವಿಷವನ್ನು ತೋರಿಸುವ ಪರೀಕ್ಷೆಗಳು ಕಾಫಿಯಂತಹ ಮಿಶ್ರಣಗಳಲ್ಲಿ ಸೋಲುವುದನ್ನು ಕಂಡು, 1815ರ ವೇಳೆಗೆ ವಿಷಗಳನ್ನು ಕುರಿತ ಮಹಾಗ್ರಂಥವನ್ನೇ ರಚಿಸಿ ಮುಗಿಸಿದನು. ವಿಷವು ಜಠರದಲ್ಲಿಯೇ ನಿಲ್ಲದೆ ಯಕೃತ್ತು ಮೊದಲಾದ ಅಂಗಗಳನ್ನೂ ಸೇರುವುದೆಂದು ಮುಂದೆ ತೋರಿಸಿಕೊಟ್ಟನು.

1840ರಲ್ಲಿ ಮಾರಿ ಲಾಫಾರ್ಜ್ ಎಂಬಾಕೆಯ ಮೇಲೆ ಗಂಡನಿಗೆ ಪಾಷಾಣವಿಕ್ಕಿದ ಆರೋಪ ಬಂದಿತು. ಶವದಲ್ಲಿ ವಿಷವಿಲ್ಲವೆಂದು ಸ್ಥಳೀಯ ರಸಾಯನಜ್ಞರು ಹೇಳಿದರು. ಪ್ಯಾರಿಸ್ಸಿನಿಂದ ಬಂದ ಆರ್ಫಿಲಾ ಮಾರ್ಷ್ ವಿಧಾನದಿಂದ ಪರೀಕ್ಷಿಸಿ, ಇದೆಯೆಂದನು. ಆಕೆಗೆ ಜೀವಾವಧಿ ಶಿಕ್ಷೆಯಾಯಿತು. ರಾಸ್ಪೈಲ್ ಎಂಬ ವಿಜ್ಞಾನಿ ಆ ನಿರ್ಣಯವನ್ನು ಬಲವಾಗಿ ಖಂಡಿಸಿದನು.

ನನ್ನನ್ನು ಯೋಚನೆಗೆ ಹಚ್ಚಿದ್ದು ಆರ್ಫಿಲಾನ ಈ ಜಯವಲ್ಲ. ಮಾರ್ಷ್ ಪರೀಕ್ಷೆ ಅತಿ ಸೂಕ್ಷ್ಮ. ಅದರಲ್ಲಿ ಬಳಸುವ ಸತುವು, ಆಮ್ಲಗಳಲ್ಲಿ ಲೇಶಮಾತ್ರ ಪಾಷಾಣವಿದ್ದರೂ ಅದು ಶವದ್ದೆಂದೇ ತೋರೀತು. ಆದ್ದರಿಂದಲೇ ಅವನು ಆ ದ್ರವ್ಯಗಳನ್ನೂ ಗೋರಿಯ ಮಣ್ಣನ್ನೂ ಪರೀಕ್ಷೆಗೆ ಒಡ್ಡಿದನು. ಮನುಷ್ಯನ ಮೂಳೆಯಲ್ಲಿ ಪಾಷಾಣವು ಸಹಜವಾಗಿಯೇ ಇದೆಯೆಂದು ತಾನು ಸಾರಿದ್ದ ಮಾತನ್ನು ಮುಂದೆ ತಾನೇ ಹಿಂತೆಗೆದುಕೊಂಡನು. 1853ರಲ್ಲಿ ತೀರಿಕೊಂಡ ಈ ವಿದ್ವಾಂಸನಿಂದ ರಸಾಯನಶಾಸ್ತ್ರದ ವಿದ್ಯಾರ್ಥಿಗಳಾದ ನಾವು ಕಲಿಯಬೇಕಾದುದು ಇದನ್ನೇ ಎಂದು ನನ್ನ ಭಾವನೆ: ಪಿಂಗಾಣಿಯ ಮೇಲಿನ ಒಂದು ಕಪ್ಪು ಕಲೆಯಿಂದ ಒಂದು ಜೀವದ ಗತಿ ನಿರ್ಧಾರವಾಗುವಾಗ, ವಿಜ್ಞಾನಿ ಮೊದಲು ಶಂಕಿಸಬೇಕಾದುದು ತನ್ನ ಸೀಸೆಯನ್ನೇ.