ರಾಯಭಾರಿ ರಾಮಮೋಹನ ರಾಯರು

ಇನ್ನೊಬ್ಬರ ಕೆಲಸವನ್ನು ಅವರ ಹೆಸರಿನಲ್ಲಿ ಮಾಡಿಕೊಂಡು ಬರುವುದು ಸುಲಭವೆಂದು ನೋಡುವವರಿಗೆ ತೋರುತ್ತದೆ. ಅದರ ಕಷ್ಟ ಮಾಡಿದವರಿಗೇ ಗೊತ್ತು. ಶ್ರೀರಾಮನು ಹನುಮಂತನನ್ನು ಕಳುಹಿಸಿದ್ದು ಸೀತಾದೇವಿಯ ಸುಳಿವನ್ನು ತರುವುದಕ್ಕೆ. ಹನುಮಂತನು ಸುಳಿವನ್ನೂ ತಂದನು, ಲಂಕೆಯನ್ನೂ ಸುಟ್ಟುಬಂದನು. ಕಾಯಿದೆಯ ಮಾತಿನಲ್ಲಿ ಹೇಳುವುದಾದರೆ, ಕೊಟ್ಟ ಅಧಿಕಾರವನ್ನು ಮೀರಿ ದೂತನು ಮಾಡಿದ ಕಾರ್ಯವನ್ನು ಒಡೆಯನು ಆಮೇಲೆ ತನ್ನದೆಂದು ಒಪ್ಪಿಕೊಂಡನು. ಒಪ್ಪದಿದ್ದರೆ ಆ ಬೆಂಕಿಯ ಹೊಣೆಯೆಲ್ಲ ಹನುಮಂತನ ತಲೆಗೇ ಬರುತ್ತಿತ್ತು.

1872ರ ಭಾರತೀಯ ಕರಾರು ಕಾಯಿದೆಯ ಹತ್ತನೆಯ ಅಧ್ಯಾಯವು ಈ ಸಂಬಂಧವನ್ನೇ ವಿವರಿಸುತ್ತದೆ. ಕೆಲಸ ಒಪ್ಪಿಸುವವನು ಯಜಮಾನ. ಅವನ ಪರವಾಗಿ ಮೂರನೆಯವರೊಡನೆ ವ್ಯವಹರಿಸುವವನು ಏಜೆಂಟ. ಏಜೆಂಟನು ತನ್ನ ಅಧಿಕಾರದೊಳಗೆ ಮಾಡಿದ್ದು ಯಜಮಾನನೇ ಸ್ವತಃ ಮಾಡಿದಂತೆ. ಏಜೆಂಟನಾದರೋ ಯಜಮಾನನ ಆದೇಶದಂತೆ ನಡೆಯಬೇಕು, ಗುಟ್ಟಾಗಿ ಲಾಭ ಮಾಡಿಕೊಳ್ಳಬಾರದು, ಕೇಳಿದಾಗ ಲೆಕ್ಕ ಒಪ್ಪಿಸಬೇಕು. ಇಬ್ಬರಲ್ಲಿ ಒಬ್ಬರು ತೀರಿಕೊಂಡರೆ ಸಂಬಂಧವೂ ಸಾಮಾನ್ಯವಾಗಿ ಅಲ್ಲಿಗೆ ಮುಗಿಯುತ್ತದೆ. ದಲಾಲಿ ಮಂಡಿಯಿಂದ ಹಿಡಿದು ಹೊಲದ ಮುಖ್ತ್ಯಾರನವರೆಗೆ ಎಲ್ಲರೂ ಈ ಅಧ್ಯಾಯದ ಕೆಳಗೆ ಬರುವವರೇ.

ಈ ಕಾಯಿದೆ ಹುಟ್ಟುವುದಕ್ಕೆ ಸುಮಾರು 40 ವರ್ಷ ಮೊದಲೇ ಇಂಥ ಹೊಣೆಯ ಕಷ್ಟವನ್ನು ತಮ್ಮ ಬಾಳಿನಲ್ಲಿ ಉಂಡವರು ರಾಜಾ ರಾಮಮೋಹನ ರಾಯರು. ಸತೀಪದ್ಧತಿಯನ್ನು ವಿರೋಧಿಸಿದ ಮಹನೀಯರೆಂದು ಅವರನ್ನು ನಾವು ಶಾಲೆಯ ಪಾಠದಲ್ಲಿಯೇ ಬಲ್ಲೆವು. ಆದರೆ ಅವರ ಹೆಸರಿನ ಹಿಂದೆ ನಿಂತಿರುವ ರಾಜಾ ಎಂಬ ಮಾತು ಎಲ್ಲಿಂದ ಬಂತು? ಅವರು ಯಾವ ರಾಜ್ಯವನ್ನೂ ಆಳಿದವರಲ್ಲ. ಆ ಒಂದು ಮಾತಿನ ಜಾಡು ಹಿಡಿದು ಅವರ ಜೀವನವನ್ನು ನೋಡುವುದು ಈ ಲೇಖನದ ಉದ್ದೇಶ.

ರಾಮಮೋಹನರು ಹುಟ್ಟಿದ್ದು ಬಂಗಾಳದ ರಾಧಾನಗರದಲ್ಲಿ, ರೂಢಿಯ ಗಣನೆಯಂತೆ 1772ರಲ್ಲಿ. ಅವರದು ನವಾಬರ ಆಡಳಿತದಲ್ಲಿ ಸೇವೆ ಸಲ್ಲಿಸಿದ ಬ್ರಾಹ್ಮಣ ಮನೆತನ. ಪಾರಸಿ, ಅರಬ್ಬಿ, ಸಂಸ್ಕೃತಗಳನ್ನು ಚೆನ್ನಾಗಿ ಕಲಿತು, ಇಂಗ್ಲಿಷನ್ನು ದೊಡ್ಡವರಾದ ಮೇಲೆ ಸ್ವಾಧೀನಪಡಿಸಿಕೊಂಡರು. ತಂದೆ ರಾಮಕಾಂತರು ಕಂದಾಯದ ಬಾಕಿಗಾಗಿ ಸೆರೆಮನೆಯನ್ನೂ ಕಂಡವರು. ಲೆಕ್ಕ ತಪ್ಪಿದರೆ ಏನಾಗುತ್ತದೆಂಬುದನ್ನು ಮಗನು ಪುಸ್ತಕದಿಂದ ಕಲಿಯಬೇಕಾಗಿರಲಿಲ್ಲ.

ಮುಂದೆ ಅವರು ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿ ಜಾನ್ ಡಿಗ್ಬಿಯವರ ಮುನ್ಷಿಯಾಗಿ ಊರಿಂದೂರಿಗೆ ಹೋಗಿ, 1809ರಲ್ಲಿ ರಂಗಪುರಕ್ಕೆ ಬಂದರು. ಕಲೆಕ್ಟರರಾಗಿದ್ದ ಡಿಗ್ಬಿ ಅವರನ್ನು ಕಾಯಂ ದಿವಾನರನ್ನಾಗಿ ನೇಮಿಸಲು ಇಚ್ಛಿಸಿದರು. ಕಲ್ಕತ್ತೆಯ ರೆವಿನ್ಯೂ ಬೋರ್ಡು ಒಪ್ಪಲಿಲ್ಲ. ರಾಯರು ಹುದ್ದೆಯ ಹೆಸರಿಲ್ಲದೆ ಡಿಗ್ಬಿಯವರ ಬಳಿಯೇ ಕೆಲಸದಲ್ಲಿ ಮುಂದುವರಿದರು. ನೇಮಿಸಿದವನು ನಂಬಿದರೂ ಎದುರಿನವನು ಒಪ್ಪದಿರುವ ಈ ಸ್ಥಿತಿ ಅವರಿಗೆ ಇಪ್ಪತ್ತು ವರ್ಷಗಳ ಬಳಿಕ ಮತ್ತೊಮ್ಮೆ, ಇನ್ನೂ ದೊಡ್ಡ ರೀತಿಯಲ್ಲಿ, ಎದುರಾಗಲಿತ್ತು.

1814ರ ಸುಮಾರಿಗೆ ಕಲ್ಕತ್ತೆಯಲ್ಲಿ ನೆಲೆಸಿದ ಮೇಲಿನ ಕಥೆ ಎಲ್ಲರಿಗೂ ತಿಳಿದದ್ದು. 1815ರಲ್ಲಿ ಆತ್ಮೀಯ ಸಭೆ, 1818ರಲ್ಲಿ ಸತೀಪದ್ಧತಿಯ ವಿರುದ್ಧ ಪುಸ್ತಿಕೆ, 1821ರಲ್ಲಿ ಸಂವಾದ ಕೌಮುದಿ ಪತ್ರಿಕೆ, 1828ರಲ್ಲಿ ಬ್ರಹ್ಮಸಭೆ. 1829ರ ಡಿಸೆಂಬರ್ 4ರಂದು ಗವರ್ನರ್ ಜನರಲ್ ಬೆಂಟಿಂಕರು ಸತೀನಿಷೇಧದ ಶಾಸನವನ್ನು ಹೊರಡಿಸಿದರು. ಆ ವರ್ಷವೇ ದಿಲ್ಲಿಯಿಂದ ರಾಯರಿಗೆ ಬೇರೊಂದು ಕರೆ ಬಂದಿತ್ತು.

ದಿಲ್ಲಿಯ ಸಿಂಹಾಸನದಲ್ಲಿ ಆಗ ಇದ್ದವರು ಮೊಗಲ ಬಾದಶಹ ಎರಡನೆಯ ಅಕ್ಬರರು. ಹೆಸರು ಬಾದಶಹ, ಬದುಕು ಕಂಪನಿಯ ವರ್ಷಾಶನದಲ್ಲಿ. ಇಲ್ಲಿ ಸ್ವಲ್ಪ ಹಿಂದಿನ ಸಂಗತಿಯನ್ನು ನೆನೆಯಬೇಕು. 1765ರಲ್ಲಿ ಇವರ ತಂದೆ ಶಾ ಆಲಮರು ಬಂಗಾಳ, ಬಿಹಾರ, ಒರಿಸ್ಸಗಳ ದಿವಾನಿಯನ್ನು ಕಂಪನಿಗೆ ವಹಿಸಿಕೊಟ್ಟರು. ದಿವಾನಿಯೆಂದರೆ ಕಂದಾಯ ವಸೂಲಿಯ ಅಧಿಕಾರ. ವರ್ಷಕ್ಕೆ 26 ಲಕ್ಷ ರೂಪಾಯಿ ಬಾದಶಹರಿಗೆ ಸಲ್ಲಬೇಕೆಂದು ಒಪ್ಪಂದವಾಯಿತು. ಕಾಗದವನ್ನು ನೋಡಿದರೆ ಬಾದಶಹ ಯಜಮಾನ, ಕಂಪನಿ ಅವನ ಏಜೆಂಟ. ಕೆಲವೇ ವರ್ಷಗಳಲ್ಲಿ ಏಜೆಂಟನು ಹಣ ಸಲ್ಲಿಸುವುದನ್ನು ನಿಲ್ಲಿಸಿದನು. ವಸೂಲಿಯನ್ನು ಮಾತ್ರ ನಿಲ್ಲಿಸಲಿಲ್ಲ. 1803ರಲ್ಲಿ ದಿಲ್ಲಿಯೇ ಕಂಪನಿಯ ಕೈಸೇರಿತು. 1805ರ ಏರ್ಪಾಡಿನಲ್ಲಿ ಯಮುನೆಯ ಪಶ್ಚಿಮದ ಕೆಲವು ಭೂಮಿಗಳ ಉತ್ಪನ್ನವನ್ನು ಅರಮನೆಯ ವೆಚ್ಚಕ್ಕೆಂದು ಗುರುತಿಸಲಾಯಿತು. ಉತ್ಪನ್ನ ಏರಿದರೂ ತಮಗೆ ಸಲ್ಲಬೇಕಾದಷ್ಟು ಸಲ್ಲುತ್ತಿಲ್ಲವೆಂಬುದು ಬಾದಶಹರ ದೂರು. ಇಷ್ಟಾದರೂ ಕಂಪನಿಯು 1835ರವರೆಗೆ ಶಾ ಆಲಮರ ಹೆಸರಿನಲ್ಲಿಯೇ ರೂಪಾಯಿಗಳನ್ನು ಟಂಕಿಸುತ್ತಿತ್ತು. ಯಜಮಾನನ ಹೆಸರು ಬೇಕು, ಯಜಮಾನನಿಗೆ ಲೆಕ್ಕ ಬೇಡ!

ಈ ದೂರನ್ನು ಇಂಗ್ಲೆಂಡಿನ ದೊರೆಯ ಮುಂದಿಡಲು ಬಾದಶಹರು ಆರಿಸಿದವರು ರಾಮಮೋಹನರು. ಅವರಿಗೆ ರಾಜಾ ಎಂಬ ಬಿರುದನ್ನಿತ್ತು ತಮ್ಮ ರಾಯಭಾರಿಯಾಗಿ ನೇಮಿಸಿದರು. ರಾಯರು ಇದನ್ನು ಬಚ್ಚಿಡದೆ ಸರ್ಕಾರಕ್ಕೆ ತಿಳಿಸಿದರು. ಬಿರುದನ್ನಾಗಲಿ, ರಾಯಭಾರವನ್ನಾಗಲಿ ತಾನು ಮನ್ನಿಸಲಾರೆನೆಂದು ಸರ್ಕಾರ ಉತ್ತರ ಕೊಟ್ಟಿತು. ಲೆಕ್ಕ ಕೊಡದ ಹಳೆಯ ಏಜೆಂಟನು ಲೆಕ್ಕ ಕೇಳಲು ಹೊರಟ ಹೊಸ ಏಜೆಂಟನನ್ನು ನೀನಾರೆಂದು ತಡೆದಂತಾಯಿತು. ಅಧಿಕಾರಪತ್ರ ಕೊಡುವುದು ಯಜಮಾನನ ಕೈಯಲ್ಲಿದೆ. ಅದನ್ನು ಎದುರಿನವನು ಗೌರವಿಸುವಂತೆ ಮಾಡುವುದು ಬಲವಿಲ್ಲದ ಯಜಮಾನನ ಕೈಯಲ್ಲಿಲ್ಲ.

ರಾಯರು ಹಿಂದೆಗೆಯಲಿಲ್ಲ. ಖಾಸಗಿ ವ್ಯಕ್ತಿಯಾಗಿಯೇ ಹೋಗುವುದಾಗಿ ತಿಳಿಸಿ, 1830ರ ನವೆಂಬರಿನಲ್ಲಿ ಆಲ್ಬಿಯನ್ ಎಂಬ ಹಡಗನ್ನೇರಿದರು. ಸಮುದ್ರ ದಾಟುವುದು ನಿಷಿದ್ಧವೆನ್ನುತ್ತಿದ್ದ ಕಾಲ ಅದು. 1831ರ ಏಪ್ರಿಲ್ 8ರಂದು ಲಿವರ್‌ಪೂಲಿನಲ್ಲಿ ಇಳಿದರು. ದಾರಿಗೇ ಸುಮಾರು ಐದು ತಿಂಗಳು! ತೊಡಕು ಬಂದಾಗ ಏಜೆಂಟನು ಯಜಮಾನನ ಅಪ್ಪಣೆಯನ್ನು ಕೇಳಬೇಕೆನ್ನುತ್ತದೆ ಕಾಯಿದೆ. ದಿಲ್ಲಿಗೆ ಒಂದು ಪತ್ರ ಬರೆದು ಉತ್ತರ ಪಡೆಯುವಷ್ಟರಲ್ಲಿ ವರ್ಷವೇ ಉರುಳುವ ಕಾಲದಲ್ಲಿ ರಾಯರಿಗೆ ಅವರ ವಿವೇಕವೇ ಅಪ್ಪಣೆಯಾಗಿತ್ತು.

ಇಂಗ್ಲೆಂಡಿನಲ್ಲಿ ಕಂಪನಿಯ ನಿರ್ದೇಶಕರು ಅವರಿಗೆ ಔತಣವನ್ನು ಕೊಟ್ಟರು, ರಾಯಭಾರಿಯ ಮನ್ನಣೆಯನ್ನು ಕೊಡಲಿಲ್ಲ. ಬ್ರಿಟಿಷ್ ಮಂತ್ರಿಗಳಾದರೋ ಮನ್ನಿಸಿದರು. ಆ ವರ್ಷದ ಸೆಪ್ಟೆಂಬರಿನಲ್ಲಿ ನಾಲ್ಕನೆಯ ವಿಲಿಯಂ ದೊರೆಯ ಪಟ್ಟಾಭಿಷೇಕ ನಡೆದಾಗ ವಿದೇಶೀ ರಾಯಭಾರಿಗಳ ಸಾಲಿನಲ್ಲಿ ರಾಮಮೋಹನರಿಗೂ ಆಸನ ದೊರೆಯಿತು.

ಅಲ್ಲಿ ಅವರ ಮೇಲೆ ಮೂರು ಹೊಣೆಗಳಿದ್ದುವು. ಮೊದಲನೆಯದು ಬಾದಶಹರದು. ಎರಡನೆಯದು ಸತೀನಿಷೇಧವನ್ನು ಬೆಂಬಲಿಸಿದ ಸ್ವದೇಶೀಯರದು. ಅವರ ಮನವಿಯನ್ನು ರಾಯರೇ ಒಯ್ದಿದ್ದರು. ನಿಷೇಧದ ವಿರುದ್ಧ ಸನಾತನಿಗಳು ಹೂಡಿದ್ದ ಮೇಲ್ಮನವಿಯನ್ನು 1832ರ ಜುಲೈಯಲ್ಲಿ ಪ್ರೀವಿ ಕೌನ್ಸಿಲ್ ತಳ್ಳಿಹಾಕಿತು. ಮೂರನೆಯ ಹೊಣೆಯನ್ನು ಅವರಿಗೆ ಯಾರೂ ಕೊಟ್ಟಿರಲಿಲ್ಲ. ಕಂಪನಿಯ ಆಡಳಿತವನ್ನು ವಿಚಾರಿಸುತ್ತಿದ್ದ ಪಾರ್ಲಿಮೆಂಟಿನ ಸಮಿತಿಗೆ ಕಂದಾಯ ಮತ್ತು ನ್ಯಾಯಾಡಳಿತಗಳನ್ನು ಕುರಿತು ಅವರು ಲಿಖಿತ ಉತ್ತರಗಳನ್ನು ಒಪ್ಪಿಸಿದರು. 1793ರ ಕಾಯಂ ಪದ್ಧತಿಯಲ್ಲಿ ಜಮೀನ್ದಾರನು ಸರ್ಕಾರಕ್ಕೆ ಕೊಡುವ ಕಂದಾಯ ಸ್ಥಿರವಾಯಿತು. ಅಂತೆಯೇ ರೈತನು ಜಮೀನ್ದಾರನಿಗೆ ಕೊಡುವ ಗೇಣಿಯೂ ಸ್ಥಿರವಾಗಬೇಕೆಂದು ವಾದಿಸಿದರು. ರಾಯರು ಸ್ವತಃ ಜಮೀನ್ದಾರರು. ರೈತರು ಅವರಿಗೆ ಮುಖ್ತ್ಯಾರ್ ಪತ್ರ ಬರೆದುಕೊಟ್ಟಿರಲಿಲ್ಲ; ಅವರ ಮಾತು ಲಂಡನ್ನಿಗೆ ಮುಟ್ಟುವ ಬೇರೆ ದಾರಿಯೂ ಇರಲಿಲ್ಲ.

ಬಾದಶಹರ ಕೆಲಸ ಅರ್ಧ ಕೈಗೂಡಿತು. 1833ರಲ್ಲಿ ವರ್ಷಾಶನವನ್ನು ಮೂರು ಲಕ್ಷ ರೂಪಾಯಿಗಳಷ್ಟು ಹೆಚ್ಚಿಸಲು ಕಂಪನಿ ಒಪ್ಪಿತು. ಆದರೆ ಉಳಿದ ಹಕ್ಕುಗಳನ್ನೆಲ್ಲ ಬಿಟ್ಟುಕೊಡಬೇಕೆಂಬ ನಿಬಂಧನೆಯನ್ನು ಅದರ ಜೊತೆಗೆ ಕಟ್ಟಿತು. ಆ ಬೆಲೆಯನ್ನು ತೆರಲು ಅರಮನೆ ಒಡಂಬಡಲಿಲ್ಲ.

ಈ ನಡುವೆ ವಿಧಿಯ ಇನ್ನೊಂದು ಆಟ ನಡೆಯಿತು. ಕಲ್ಕತ್ತೆಯಲ್ಲಿ ಆಗ ಏಜೆನ್ಸಿ ಹೌಸುಗಳೆಂಬ ಕೋಠಿಗಳಿದ್ದುವು. ಜನರ ಹಣವನ್ನು ಠೇವಣಿಯಾಗಿ ಪಡೆದು, ಅವರ ಪರವಾಗಿ ವ್ಯಾಪಾರ ಮಾಡಿ, ನೀಲಿಯ ತೋಟಗಳಿಗೆ ಸಾಲ ಕೊಡುತ್ತಿದ್ದುವು. ನೀಲಿಯ ಬೆಲೆ ಕುಸಿದಾಗ 1830ರಿಂದ ಒಂದೊಂದಾಗಿ ಮುಳುಗಿದುವು. ರಾಯರ ಹಣಕಾಸನ್ನು ನೋಡುತ್ತಿದ್ದ ಮ್ಯಾಕಿಂಟಾಷ್ ಕೋಠಿ 1833ರ ಜನವರಿಯಲ್ಲಿ ದಿವಾಳಿಯೆದ್ದಿತು. ಯಜಮಾನನ ಹಣದ ಲೆಕ್ಕ ಕೇಳಲು ಬಂದವರು ತಮ್ಮ ಏಜೆಂಟರನ್ನು ನಂಬಿ, ಪರದೇಶದಲ್ಲಿ ಕೈಬರಿದಾದರು.

ಚಿಂತೆಯಿಂದಲೂ ದುಡಿಮೆಯಿಂದಲೂ ಬಳಲಿದ್ದ ರಾಯರು ಆ ಸೆಪ್ಟೆಂಬರಿನಲ್ಲಿ ಬ್ರಿಸ್ಟಲ್ಲಿನ ಸ್ನೇಹಿತರ ಬಳಿಗೆ ಹೋದರು. ಅಲ್ಲಿ ಜ್ವರ ಹಿಡಿದು 1833ರ ಸೆಪ್ಟೆಂಬರ್ 27ರಂದು ದೇಹ ಬಿಟ್ಟರು. ಏಜೆಂಟನ ಮರಣದೊಡನೆ ಏಜೆನ್ಸಿಯೂ ಮುಗಿಯಿತು. ಹತ್ತು ವರ್ಷಗಳ ಮೇಲೆ ದ್ವಾರಕಾನಾಥ ಠಾಕೂರರು ಅವರ ಅವಶೇಷಗಳನ್ನು ಆರ್ನೋಸ್ ವೇಲ್ ಶ್ಮಶಾನದಲ್ಲಿರಿಸಿ ಮೇಲೊಂದು ಛತ್ರಿಯನ್ನು ಕಟ್ಟಿಸಿದರು. ಬಾದಶಾಹಿಯೂ ಮುಂದೆ ಬಹುಕಾಲ ಬಾಳಲಿಲ್ಲ; ಆದರೆ ಅದು ಕೊಟ್ಟ ರಾಜಾ ಎಂಬ ಬಿರುದನ್ನು, ಕಂಪನಿ ಒಪ್ಪದಿದ್ದರೂ, ಜನ ಉಳಿಸಿಕೊಂಡಿದ್ದಾರೆ.

ಈ ಚರಿತ್ರೆಯನ್ನು ಓದಿದಾಗ ನನಗೆ ನಮ್ಮ ಮನೆಗಳೇ ನೆನಪಾದುವು. ನಮ್ಮಲ್ಲಿ ಅನೇಕರು ತಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಲು ಹತ್ತಿದ ಮೊದಲಿಗರು. ಪಹಣಿಯಾಗಲಿ, ಬ್ಯಾಂಕಿನ ನೋಟೀಸಾಗಲಿ, ಸೊಸೈಟಿಯ ಸಾಲದ ಕಾಗದವಾಗಲಿ ಓದಿ ಹೇಳುವವರು ನಾವೇ. ಹೆಬ್ಬೆಟ್ಟು ಹಿರಿಯರದು, ಓದು ನಮ್ಮದು. ಸಂಭಾವನೆಯಿಲ್ಲದೆಯೂ ಏಜೆನ್ಸಿ ಉಂಟಾಗಬಹುದೆಂದು ಕಾಯಿದೆಯೇ ಹೇಳುತ್ತದೆ. ಆದ್ದರಿಂದ ಡಿಗ್ರಿ ಕೈಗೆ ಬರುವ ಮೊದಲೇ ನಾವು ಯಾರದೋ ಏಜೆಂಟರಾಗಿದ್ದೇವೆ. ಕಾಗದವನ್ನು ಓದಿ ಮುಗಿಸಿದ ಮೇಲೆ ನನ್ನ ತಂದೆಯವರು ಯಾವಾಗಲೂ ಒಂದೇ ಮಾತು ಕೇಳುತ್ತಾರೆ, ಎಲ್ಲವನ್ನೂ ಓದಿದೆಯಾ, ಏನನ್ನಾದರೂ ಬಿಟ್ಟೆಯಾ ಎಂದು. ಮೊದಲು ಇದು ಅಪನಂಬಿಕೆಯೆಂದು ನನಗೆ ಬೇಸರವಾಗುತ್ತಿತ್ತು. ಅದು ಯಜಮಾನನು ಲೆಕ್ಕ ಕೇಳುವ ರೀತಿಯೆಂದು ಈಗ ತಿಳಿದಿದೆ. ಈಗ ನಾನು ಕಾಗದವನ್ನು ಮೊದಲಿನಿಂದ ಮತ್ತೊಮ್ಮೆ ಓದಿ ಹೇಳುತ್ತೇನೆ.